ಕಲಬುರಗಿಯಲ್ಲಿ ಕೂತು ಕೋಡ್ ಬರೆಯುವವರಿಗೆ: ಯಾವ ನೆಟ್, ಯಾವ ಟೂಲ್, ಯಾವ ಸರ್ವರ್?

ಬೆಂಗಳೂರು, ಹೈದರಾಬಾದಿನ ಗೆಳೆಯರು ಎಡಿಟರ್ ಬಗ್ಗೆ, ಕ್ಲೌಡ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನೆಟ್ ಮತ್ತು ಕರೆಂಟ್ ಇದ್ದೇ ಇರುತ್ತವೆ ಅಂತ ಇಟ್ಟುಕೊಂಡೇ ಆ ವಾದ ನಡೆಯುತ್ತದೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಅಷ್ಟು ನಿಶ್ಚಿಂತೆ ಇಲ್ಲ. ಚರಂಡಿ ಕೆಲಸಕ್ಕೆ ರಸ್ತೆ ಅಗೆದರೆ ಫೈಬರ್ ಕಟ್ ಆಗುತ್ತದೆ. ಮೇ ತಿಂಗಳ ಸಂಜೆ ಗಾಳಿ ಎದ್ದರೆ ಕರೆಂಟ್ ಹೋಗುತ್ತದೆ. "ಲೈನ್ ಕಟ್ ಆಗ್ಯಾದ್ರಿ, ಜೋಡ್ಸಲಕ್ಕ ಟೈಮ್ ಹಿಡೀತದ" ಅನ್ನುವ ಉತ್ತರ ನಮಗೆಲ್ಲ ಗೊತ್ತಿರುವಂಥದ್ದೇ.

ಹಾಗಾಗಿ ಎರಡು ಟೂಲ್‌ಗಳನ್ನು ಹೋಲಿಸುವಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಲೈನ್ ಹೋದಾಗ ಇದು ಏನು ಮಾಡುತ್ತದೆ? ಬಂದ ಮೇಲೆ ನಿಂತಲ್ಲಿಂದ ಮುಂದೆ ಹೋಗುತ್ತದೋ, ಮೊದಲಿನಿಂದ ಶುರು ಮಾಡುತ್ತದೋ? ವೇಗ, ಬೆಲೆ, ಅಂದಚೆಂದ ಎಲ್ಲ ಆಮೇಲೆ. ಕಲಬುರಗಿಯ ಪಿಡಿಎ ಕಾಲೇಜಿನಲ್ಲೋ ಭಾಲ್ಕಿಯಲ್ಲೋ ಇಂಜಿನಿಯರಿಂಗ್ ಮುಗಿಸಿ, ಊರು ಬಿಡದೆ ಇಲ್ಲಿಂದಲೇ ದುಡಿಯಬೇಕು ಅಂತಿರುವ ಹುಡುಗ ಹುಡುಗಿಯರಿಗೆ ಈ ಹೋಲಿಕೆ.

ಮನೆಗೆ ಯಾವ ನೆಟ್?

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಮೂರು ದಾರಿ ಇವೆ. ಒಂದು, ಫೈಬರ್ ನೇರವಾಗಿ ಮನೆಯೊಳಗೆ ಬರುವುದು. ಎರಡು, ಫೈಬರ್ ಓಣಿಯ ಕಂಬದವರೆಗೆ ಬಂದು, ಅಲ್ಲಿಂದ ಮನೆಗೆ ಲ್ಯಾನ್ ಕೇಬಲ್ ಎಳೆಯುವುದು. ಮೂರು, ಟೆರೇಸ್ ಮೇಲೆ ಡಬ್ಬಿ ಇಟ್ಟು 5ಜಿ ಸಿಗ್ನಲ್ ಹಿಡಿಯುವುದು.

ಮೊದಲ ಎರಡನ್ನು ಮಾರುವವರು ಎರಡಕ್ಕೂ "ಫೈಬರ್" ಅಂತಲೇ ಹೇಳುತ್ತಾರೆ. ಆದರೆ ಅವುಗಳ ನಡುವೆ ಬಹಳ ವ್ಯತ್ಯಾಸ ಇದೆ. ಮನೆಯೊಳಗೇ ಬರುವ ಫೈಬರ್‌ನಲ್ಲಿ ಸಾಮಾನ್ಯವಾಗಿ ಜಿಪಾನ್ ಎಂಬ ವ್ಯವಸ್ಥೆ ಇರುತ್ತದೆ. ಆಪರೇಟರ್ ಆಫೀಸಿನಿಂದ ಹೊರಟ ಒಂದು ಎಳೆಯನ್ನು ದಾರಿಯಲ್ಲಿ ಸ್ಪ್ಲಿಟರ್ ಎಂಬ ಚಿಕ್ಕ ಗಾಜಿನ ಸಾಧನ ಕವಲೊಡೆಸುತ್ತದೆ. ಒಂದು ಕಾಲುವೆಯ ನೀರು ಹೊಲಹೊಲಕ್ಕೆ ಹಂಚಿಹೋದಂತೆ ಒಂದೇ ಬೆಳಕು 32 ಅಥವಾ 64 ಮನೆಗಳಿಗೆ ಹೋಗುತ್ತದೆ. ಅಷ್ಟೂ ಮನೆಗಳಿಗೆ ಸೇರಿ ಇಳಿಯುವ ದಾರಿ ಸುಮಾರು 2.5 ಗಿಗಾಬಿಟ್, ಏರುವ ದಾರಿ 1.25 ಗಿಗಾಬಿಟ್. ಮುಖ್ಯ ವಿಷಯ ಏನೆಂದರೆ, ಈ ಸ್ಪ್ಲಿಟರ್‌ಗೆ ಕರೆಂಟ್ ಬೇಕಿಲ್ಲ. ಓಣಿ ಪೂರ್ತಿ ಕತ್ತಲಾದರೂ, ಆಪರೇಟರ್ ಆಫೀಸಿನಲ್ಲಿ ಬ್ಯಾಟರಿ ಇದ್ದು ನಿಮ್ಮ ಮನೆಯ ಡಬ್ಬಿಗೆ ಬ್ಯಾಕಪ್ ಇದ್ದರೆ ನೆಟ್ ನಡೆಯುತ್ತದೆ.

ಎರಡನೇ ದಾರಿಯಲ್ಲಿ ಕಂಬದ ಮೇಲೆ ಒಂದು ಸ್ವಿಚ್ ಇರುತ್ತದೆ. ಅದಕ್ಕೆ ಕರೆಂಟ್ ಬೇಕೇ ಬೇಕು. ಎಷ್ಟೋ ಕಡೆ ಪಕ್ಕದ ಅಂಗಡಿಯಿಂದಲೋ ಯಾರದೋ ಮನೆಯಿಂದಲೋ ವೈರ್ ಎಳೆದಿರುತ್ತಾರೆ. ಆ ಮನೆಯ ಕರೆಂಟ್ ಹೋದರೆ ನಿಮ್ಮ ನೆಟ್ ಹೋಯಿತು. ನಿಮ್ಮ ಮನೆಯಲ್ಲಿ ಎಷ್ಟೇ ದೊಡ್ಡ ಇನ್ವರ್ಟರ್ ಇದ್ದರೂ ಏನೂ ಮಾಡಲಾಗದು. ಕನೆಕ್ಷನ್ ಕೊಡಲು ಬಂದವರಿಗೆ ಎಷ್ಟು ಎಂಬಿಪಿಎಸ್ ಅಂತ ಕೇಳುವ ಮೊದಲು "ನಡುವಿನ ಡಬ್ಬಿಗೆ ಕರೆಂಟ್ ಬೇಕೇನ್ರಿ?" ಅಂತ ಕೇಳಿ. ಬೇಕು ಅಂದರೆ, ಅದಕ್ಕೆ ಬ್ಯಾಕಪ್ ಯಾರು ಇಟ್ಟಿದ್ದಾರೆ ಅಂತ ಕೇಳಿ. ಬೆಲೆ ಸ್ವಲ್ಪ ಕಡಿಮೆ ಅಂತ ಎರಡನೇ ದಾರಿ ಹಿಡಿಯಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯೊಳಗಿನ ಡಬ್ಬಿಯ ದೀಪಗಳನ್ನು ಓದಲು ಕಲಿಯಿರಿ. ಪಾನ್ ಅಂತ ಬರೆದ ದೀಪ ಹಸಿರಾಗಿ ನಿಂತಿದ್ದರೆ ಬೆಳಕಿನ ಸಂಪರ್ಕ ಸರಿ ಇದೆ. ಲಾಸ್ ಅಂತ ಬರೆದ ದೀಪ ಕೆಂಪಗೆ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ. ಆಗ ರೂಟರ್ ಆಫ್ ಮಾಡಿ ಆನ್ ಮಾಡುವುದು ಸುಮ್ನೆ ಹೊತ್ತು ಹಾಳು. "ಲಾಸ್ ಕೆಂಪು ಬರ್ತಾ ಇದೆ" ಅಂತ ಮೊದಲ ಫೋನಿನಲ್ಲೇ ಹೇಳಿದರೆ ಲೈನ್‌ಮನ್ ಜೋಡಿಸುವ ಸಾಮಾನು ಹಿಡಿದುಕೊಂಡೇ ಬರುತ್ತಾನೆ. ಹೊಸ ಕನೆಕ್ಷನ್ ಆಗುವಾಗ ಪವರ್ ಮೀಟರ್ ಹಚ್ಚಿ ರೀಡಿಂಗ್ ತೋರಿಸಲು ಹೇಳಿ. ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ) ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 27ರ ಹತ್ತಿರ ಇದ್ದರೆ ಇವತ್ತು ನಡೆದರೂ ಆಗಾಗ ಕೈ ಕೊಡುತ್ತದೆ. ಆ ಅಂಕಿಯನ್ನು ಡಬ್ಬಿಯ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ. ಮುಂದೆ ತೊಂದರೆ ಬಂದಾಗ ಮತ್ತೆ ಅಳೆದು ಹೋಲಿಸಬಹುದು. ಅಲ್ಮೇರಾ ಹಿಂದೆ ಮಡಚಿ ಸಿಕ್ಕಿಸಿದ ಹಳದಿ ಫೈಬರ್ ವೈರ್ ಕೂಡ ಈ ರೀಡಿಂಗ್ ಕೆಡಿಸುತ್ತದೆ.

5ಜಿಯ ಮನೆ ಕನೆಕ್ಷನ್ ನಮ್ಮ ದೇಶದಲ್ಲಿ 2023ರಲ್ಲಿ ಬಂತು. ಫೈಬರ್ ತಲುಪದ ಬಡಾವಣೆಗಳಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಟವರ್ ಅನ್ನು ಇಡೀ ಏರಿಯಾದವರು ಹಂಚಿಕೊಳ್ಳುತ್ತಾರೆ. ಸಂಜೆ ಎಲ್ಲರೂ ವಿಡಿಯೋ ನೋಡಲು ಕೂತಾಗ ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಸಮಯ) ಏರುಪೇರಾಗುತ್ತದೆ. ಕೊಳ್ಳುವ ಮೊದಲು ಹತ್ತಿರದ ಮನೆಯಲ್ಲಿ ಅದೇ ಕನೆಕ್ಷನ್ ಇದ್ದರೆ, ರಾತ್ರಿ ಎಂಟು ಗಂಟೆಗೆ ಹೋಗಿ ಅರ್ಧ ಗಂಟೆ ಪಿಂಗ್ ಓಡಿಸಿ ನೋಡಿ. ಬೆಳಿಗ್ಗೆ ಮಾಡಿದ ಸ್ಪೀಡ್ ಟೆಸ್ಟ್ ನಂಬಬೇಡಿ.

ಎರಡನೇ ಲೈನ್ ಬೇಕೇ? ದುಡಿಮೆ ನೆಟ್ ಮೇಲೆಯೇ ನಿಂತಿದ್ದರೆ ಬೇಕು. ಆದರೆ ಎರಡೂ ಫೈಬರ್ ಒಂದೇ ಕಂಬದ ಮೇಲಿಂದ ಬಂದರೆ ಏನೂ ಲಾಭ ಇಲ್ಲ. ಒಂದು ಫೈಬರ್, ಜೊತೆಗೆ ಬೇರೆ ಕಂಪನಿಯ ಸಿಮ್ ಹಾಕಿದ ಫೋನಿನ ಹಾಟ್‌ಸ್ಪಾಟ್. ಹೆಚ್ಚಿನವರಿಗೆ ಇಷ್ಟು ಸಾಕು.

ಹಳ್ಳಿಯಲ್ಲಿ ಕೂತು ಕೆಲಸ ಮಾಡಬೇಕು ಅನ್ನುವವರಿಗೆ ಒಂದು ಮಾತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಅದರ ಹೆಸರು ಭಾರತ್‌ನೆಟ್ ಆಯಿತು. ಪಂಚಾಯಿತಿ ಆಫೀಸಿಗೆ ಫೈಬರ್ ಬಂದಿದ್ದರೂ ನಿಮ್ಮ ಮನೆಯವರೆಗೆ ಎಳೆಯುವವರು ಬೇರೆ ಬೇಕು. ಚಿಂಚೋಳಿ, ಆಳಂದ, ಸುರಪುರದ ಕಡೆ ಮನೆ ಮಾಡುವ ಮೊದಲು ಆ ಊರಿನಲ್ಲಿ ಮನೆ ಕನೆಕ್ಷನ್ ಕೊಡುವ ಫ್ರಾಂಚೈಸಿ ಇದ್ದಾನೋ ಇಲ್ಲವೋ ವಿಚಾರಿಸಿ.

ಕರೆಂಟ್ ಹೋದಾಗ

ಮನೆಯ ಇನ್ವರ್ಟರ್ ಒಂದು ದಾರಿ, ರೂಟರ್‌ಗೆಂದೇ ಬರುವ ಮಿನಿ ಯುಪಿಎಸ್ ಇನ್ನೊಂದು. ಇನ್ವರ್ಟರ್ ಇದ್ದರೂ ಮಿನಿ ಯುಪಿಎಸ್ ಇರಲಿ ಅನ್ನುತ್ತೇನೆ. ಬೇಸಿಗೆಯಲ್ಲಿ ಮನೆಯವರು ಫ್ಯಾನ್ ಆಫ್ ಮಾಡುವುದಿಲ್ಲ, ಮಾಡಿ ಅಂತ ಕೇಳುವುದೂ ಸರಿಯಲ್ಲ. ಫ್ಯಾನ್‌ಗಳು ಇನ್ವರ್ಟರ್ ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತವೆ. ರೂಟರ್‌ಗೆ ಬೇಕಾದದ್ದು ಅದರ ಮುಂದೆ ಬಹಳ ಕಡಿಮೆ. ಫೈಬರ್ ಡಬ್ಬಿಗಳು ಹೆಚ್ಚಾಗಿ 12 ವೋಲ್ಟ್ ಡಿಸಿಯಲ್ಲಿ ನಡೆಯುತ್ತವೆ. ಮಿನಿ ಯುಪಿಎಸ್ ಅದನ್ನೇ ನೇರವಾಗಿ ಕೊಡುತ್ತದೆ. ಕೊಳ್ಳುವ ಮೊದಲು ಅಡಾಪ್ಟರ್ ತಿರುಗಿಸಿ ಅದರ ಹಿಂದೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಅದಕ್ಕಿಂತ ಜಾಸ್ತಿಯೋ ಇರಬೇಕು. ಫೈಬರ್ ಡಬ್ಬಿ ಮತ್ತು ವೈಫೈ ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಜಾಸ್ತಿ ವೇಗ ಕೊಡುತ್ತದೆ, ನಿಜ. ಆದರೂ ಒಳಗೇ ಬ್ಯಾಟರಿ ಇರುವುದರಿಂದ ಇಲ್ಲಿ ಲ್ಯಾಪ್‌ಟಾಪೇ ಸರಿ.

ಡೌನ್‌ಲೋಡ್ ಅರ್ಧಕ್ಕೆ ನಿಂತರೆ?

ಟೂಲ್‌ಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿ ಕಾಣುತ್ತದೆ.

ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬರೆದಾಗ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪೂರ್ತಿ ಇತಿಹಾಸ ಇರುವಂತೆ ಮಾಡಿದರು. ಕಮಿಟ್ (ಬದಲಾವಣೆಯನ್ನು ದಾಖಲಿಸುವುದು), ಬ್ರಾಂಚ್, ಡಿಫ್, ಲಾಗ್ ಯಾವುದಕ್ಕೂ ನೆಟ್ ಬೇಡ. ಪುಶ್, ಪುಲ್ ಮಾಡುವಾಗ, ಅಂದರೆ ಸರ್ವರಿಗೆ ಕಳಿಸುವಾಗ, ಅಲ್ಲಿಂದ ತರುವಾಗ ಮಾತ್ರ ಬೇಕು. ನಮ್ಮಂಥ ಊರಿನವರಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕೇ? ಆದರೆ ಇದೇ ಗಿಟ್‌ನಲ್ಲಿ ಒಂದು ದೊಡ್ಡ ಕೊರತೆ ಇದೆ. ಕ್ಲೋನ್ ಮಾಡುವಾಗ, ಅಂದರೆ ಪ್ರಾಜೆಕ್ಟನ್ನು ಮೊದಲ ಸಲ ಪೂರ್ತಿ ಇಳಿಸಿಕೊಳ್ಳುವಾಗ, ನೂರಕ್ಕೆ ತೊಂಬತ್ತು ಮುಗಿದ ಮೇಲೆ ಲೈನ್ ಹೋದರೂ ಮೊದಲಿನಿಂದಲೇ ಶುರು ಮಾಡಬೇಕು.

ಇದಕ್ಕೆ ಎರಡು ಉಪಾಯಗಳಿವೆ. ಡೆಪ್ತ್ 1 ಅಂತ ಕೊಟ್ಟು ಇತ್ತೀಚಿನ ಒಂದು ಕಮಿಟ್ ಮಾತ್ರ ತರುವುದು ಒಂದು. ಬ್ಲಾಬ್ ಫಿಲ್ಟರ್ ಹಾಕಿ, ಇತಿಹಾಸ ಪೂರ್ತಿ ತಂದು ಹಳೆಯ ಫೈಲ್‌ಗಳ ಒಳಗಿನದನ್ನು ಬಿಟ್ಟು ತರುವುದು ಇನ್ನೊಂದು. ಎರಡನೆಯದು ಜಾಣ ಉಪಾಯದಂತೆ ಕಾಣುತ್ತದೆ, ದೊಡ್ಡ ಊರುಗಳಲ್ಲಿ ಅದನ್ನೇ ಹೊಗಳುತ್ತಾರೆ. ಆದರೆ ಹಳೆಯ ಫೈಲ್ ಬೇಕಾದಾಗಲೆಲ್ಲ ಅದು ಸದ್ದಿಲ್ಲದೆ ನೆಟ್ ಕೇಳುತ್ತದೆ. ಲೈನ್ ಇಲ್ಲದ ಹೊತ್ತಿನಲ್ಲಿ ಯಾರು ಈ ಸಾಲು ಬರೆದರು ಅಂತ ನೋಡಲು ಹೋದರೆ ಅಲ್ಲೇ ನಿಲ್ಲುತ್ತದೆ. ನಮಗೆ ಮೊದಲನೆಯದೇ ಸರಿ. ಡೆಪ್ತ್ 1ರಲ್ಲಿ ತಂದು, ಆಮೇಲೆ ಡೀಪನ್ ಕೊಟ್ಟು ತುಂಡು ತುಂಡಾಗಿ ಇತಿಹಾಸ ತುಂಬಿಸಿಕೊಳ್ಳಿ. ಒಂದು ತುಂಡು ನಡುವೆ ಕಡಿದರೂ ಹಿಂದಿನ ತುಂಡುಗಳು ಉಳಿಯುತ್ತವೆ.

ಗಿಟ್ ಕೋಡ್ ಇಡುವ ಸೈಟ್ ಗಿಟ್‌ಹಬ್ಬೋ ಗಿಟ್‌ಲ್ಯಾಬೋ? ಈ ದೃಷ್ಟಿಯಿಂದ ವ್ಯತ್ಯಾಸ ಏನೂ ಇಲ್ಲ. ನಿಮ್ಮ ಟೀಮ್ ಎಲ್ಲಿದೆಯೋ ಅಲ್ಲೇ ಇರಿ. ಎರಡರಲ್ಲೂ ಇಶ್ಯೂಗಳು ಮತ್ತು ಚರ್ಚೆಗಳು ಕ್ಲೋನ್‌ನಲ್ಲಿ ಬರುವುದಿಲ್ಲ. ಆ ದಿನ ಮಾಡಬೇಕಾದ ಕೆಲಸದ ವಿವರವನ್ನು ಬೆಳಿಗ್ಗೆಯೇ ಒಂದು ಫೈಲಿಗೆ ಇಳಿಸಿಕೊಳ್ಳಿ.

ಜಾವಾಸ್ಕ್ರಿಪ್ಟ್ ಬರೆಯುವವರಿಗೆ, ಪ್ಯಾಕೇಜ್ (ಬೇರೆಯವರು ಬರೆದ ಸಿದ್ಧ ಕೋಡ್) ಇಳಿಸುವ ಎನ್‌ಪಿಎಂ ಮತ್ತು ಪಿಎನ್‌ಪಿಎಂ ನಡುವೆ ಪಿಎನ್‌ಪಿಎಂ ಕಡೆ ನನ್ನ ಒಲವು. ಎನ್‌ಪಿಎಂ ಕೂಡ ಇಳಿಸಿದ್ದನ್ನು ಕ್ಯಾಶ್‌ನಲ್ಲಿ ಇಡುತ್ತದೆ, ಆದರೆ ಪ್ರತಿ ಪ್ರಾಜೆಕ್ಟಿಗೂ ಮತ್ತೆ ನಕಲು ಮಾಡುತ್ತದೆ. ಪಿಎನ್‌ಪಿಎಂ ಎಲ್ಲವನ್ನೂ ಒಂದೇ ಕಡೆ ಇಟ್ಟು ಅಲ್ಲಿಂದ ಕೊಂಡಿ ಹಾಕುತ್ತದೆ. ಹತ್ತು ಪ್ರಾಜೆಕ್ಟ್‌ನಲ್ಲಿ ಒಂದೇ ಪ್ಯಾಕೇಜ್ ಇದ್ದರೆ ಡಿಸ್ಕ್ ಮೇಲೆ ಒಂದೇ ಸಲ ಇರುತ್ತದೆ. 256 ಜಿಬಿ ಲ್ಯಾಪ್‌ಟಾಪಿನಲ್ಲಿ ಇದು ಎದ್ದು ಕಾಣುತ್ತದೆ. ಇಳಿಸಿಟ್ಟದ್ದನ್ನೇ ಮೊದಲು ಬಳಸುವ ಪ್ರಿಫರ್ ಆಫ್‌ಲೈನ್ ಅನ್ನುವ ಆಯ್ಕೆ ಎರಡರಲ್ಲೂ ಇದೆ. ಅದನ್ನು ಸದಾ ಆನ್ ಮಾಡಿಡಿ.

ಡಾಕರ್ ಇಮೇಜ್, ಅಂದರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿಸಿ ಕಟ್ಟಿದ ಗಂಟು, ಪದರ ಪದರವಾಗಿ ಇಳಿಯುತ್ತದೆ. ಪೂರ್ತಿ ಇಳಿದ ಪದರ ಉಳಿಯುತ್ತದೆ, ಅರ್ಧ ಇಳಿದದ್ದು ಹೆಚ್ಚಾಗಿ ಮೊದಲಿನಿಂದ. ಹಾಗಾಗಿ ಚಿಕ್ಕ ಇಮೇಜ್ ಒಳ್ಳೆಯದು ಅಂತ ಹಲವರು ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಹಿಡಿಯುತ್ತಾರೆ. ಅದು ಕೆಲವೇ ಎಂಬಿ, ನಿಜ. ಆದರೆ ಆಲ್ಪೈನ್ ಒಳಗಿರುವುದು ಮಸಲ್ ಎಂಬ ಸಿ ಲೈಬ್ರರಿ. ಡೆಬಿಯನ್, ಉಬುಂಟುಗಳಲ್ಲಿ ಇರುವುದು ಜಿಲಿಬ್‌ಸಿ. ಪೈಥಾನ್ ಪ್ಯಾಕೇಜಿಗೆ ಮಸಲ್‌ಗಾಗಿ ಕಟ್ಟಿದ ಫೈಲ್ ಸಿಗದಿದ್ದರೆ ಅದು ಸೋರ್ಸ್ ಇಳಿಸಿಕೊಂಡು, ಕಂಪೈಲರ್ ಇಳಿಸಿಕೊಂಡು ನಿಮ್ಮ ಲ್ಯಾಪ್‌ಟಾಪಿನಲ್ಲೇ ಕಟ್ಟಬೇಕಾಗುತ್ತದೆ. ಉಳಿಸಿದ ಎಂಬಿಗಿಂತ ಜಾಸ್ತಿ ಹೋಯಿತು, ಜೊತೆಗೆ 43 ಡಿಗ್ರಿ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಕಾದು ನಿಧಾನವಾಯಿತು. ಪೈಥಾನ್ ಕೆಲಸಕ್ಕೆ ಡೆಬಿಯನ್ ಸ್ಲಿಮ್, ಗೋ ಭಾಷೆಯಲ್ಲಿ ಬರೆದದ್ದಕ್ಕೆ ಆಲ್ಪೈನ್. ಇದು ನನ್ನ ಆಯ್ಕೆ.

ದಾಖಲೆಗಳನ್ನು ಓದಲು ಡೆವ್‌ಡಾಕ್ಸ್ ಅಥವಾ ಝೀಲ್ ಇಳಿಸಿಟ್ಟುಕೊಳ್ಳಿ. ಎರಡೂ ಆಫ್‌ಲೈನ್‌ನಲ್ಲಿ ನಡೆಯುತ್ತವೆ, ಯಾವುದಾದರೂ ಸರಿ.

ಕೆಲಸ ಲ್ಯಾಪ್‌ಟಾಪಿನಲ್ಲೋ ಕ್ಲೌಡಿನಲ್ಲೋ?

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ಕೆಲಸ ಮಾಡಿ. ಬ್ರೌಸರಿನಲ್ಲಿ ತೆರೆಯುವ ಕ್ಲೌಡ್ ಎಡಿಟರ್‌ಗಳು ಲೈನ್ ಹೋದ ಕೂಡಲೇ ನಿಂತುಬಿಡುತ್ತವೆ.

4 ಜಿಬಿಯ ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಬೇರೆ ಲೆಕ್ಕ. ಅವರು ತಿಂಗಳ ಬಾಡಿಗೆಯ ಚಿಕ್ಕ ವಿಪಿಎಸ್ (ಡೇಟಾ ಸೆಂಟರಿನ ಸರ್ವರಿನಲ್ಲಿ ಒಂದು ಪಾಲು) ಒಂದನ್ನು ತೆಗೆದುಕೊಂಡು ಅದರೊಳಗೆ ಕೆಲಸ ಮಾಡುವುದು ಒಳ್ಳೆಯದು. ದೊಡ್ಡ ದೊಡ್ಡ ಡೌನ್‌ಲೋಡ್ ಎಲ್ಲ ಡೇಟಾ ಸೆಂಟರ್ ಲೈನ್ ಮೇಲೆ ನಡೆಯುತ್ತವೆ, ನಿಮ್ಮ ಲೈನ್ ಮೇಲೆ ಓಡಾಡುವುದು ನೀವು ಒತ್ತಿದ ಕೀ ಮತ್ತು ಪರದೆಯ ಅಕ್ಷರ ಮಾತ್ರ. ಹೀಗೆ ಮಾಡುವಾಗ ದೂರದ ಆ ಸರ್ವರನ್ನು ಸೇರುವ ದಾರಿ ಎಸ್‌ಎಸ್‌ಎಚ್ಚೋ ಮಾಷೋ ಅನ್ನುವುದು ಮುಖ್ಯ. ಎಸ್‌ಎಸ್‌ಎಚ್ ನಡೆಯುವುದು ಎರಡೂ ತುದಿಯ ವಿಳಾಸಕ್ಕೆ ಕಟ್ಟುಬಿದ್ದ ಟಿಸಿಪಿ ಮೇಲೆ. ಫೈಬರ್ ಹೋಗಿ ಹಾಟ್‌ಸ್ಪಾಟಿಗೆ ಬಂದಾಗ ನಿಮ್ಮ ಐಪಿ (ನೆಟ್‌ನಲ್ಲಿನ ವಿಳಾಸ) ಬದಲಾಗುತ್ತದೆ, ಸಂಪರ್ಕ ಸಾಯುತ್ತದೆ. 2012ರಲ್ಲಿ ಬಂದ ಮಾಷ್, ಅಂಥ ಕಟ್ಟು ಇಲ್ಲದ ಯುಡಿಪಿ ಮೇಲೆ ನಡೆಯುತ್ತದೆ. ಐಪಿ ಬದಲಾದರೂ, ಲ್ಯಾಪ್‌ಟಾಪ್ ಮುಚ್ಚಿ ಊಟ ಮಾಡಿ ಬಂದರೂ ಅದೇ ಸಾಲಿನಲ್ಲಿ ನಿಂತಿರುತ್ತದೆ. ಅದರಲ್ಲಿ ಹಿಂದಕ್ಕೆ ಸ್ಕ್ರೋಲ್ ಮಾಡಲು ಆಗದು, ಪೋರ್ಟ್ ಫಾರ್ವರ್ಡಿಂಗ್ (ಸರ್ವರಿನಲ್ಲಿ ಓಡುವ ಸೈಟನ್ನು ನಿಮ್ಮ ಬ್ರೌಸರಿಗೆ ತರುವುದು) ಇಲ್ಲ. ಒಳಗೆ ಟಿಮಕ್ಸ್ ಎಂಬ ಟೂಲ್ ಓಡಿಸಿದರೆ ಸ್ಕ್ರೋಲ್ ಕೊರತೆ ನೀಗುತ್ತದೆ, ಪೋರ್ಟ್ ಬೇಕಾದಾಗ ಪಕ್ಕದಲ್ಲಿ ಒಂದು ಎಸ್‌ಎಸ್‌ಎಚ್ ತೆರೆದರೆ ಆಯಿತು.

ಎಐ ಸಹಾಯಕಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆನ್‌ಲೈನಿನವು ಒಳ್ಳೆಯ ಕೆಲಸ ಮಾಡುತ್ತವೆ, ಲೈನ್ ಇರುವಷ್ಟು ಹೊತ್ತು. ಸ್ವಂತ ಲ್ಯಾಪ್‌ಟಾಪಿನಲ್ಲಿ ಓಡಿಸುವ 700 ಕೋಟಿ ಪ್ಯಾರಾಮೀಟರಿನ ಮಾದರಿ, 4 ಬಿಟ್‌ಗೆ ಇಳಿಸಿದರೂ, 4 ಜಿಬಿಗಿಂತ ಜಾಸ್ತಿ ರ‍್ಯಾಮ್ ತಿನ್ನುತ್ತದೆ. 16 ಜಿಬಿ ಇಲ್ಲದವರು ಅದರ ಹಿಂದೆ ಬೀಳಬೇಡಿ.

ಎಡಿಟರ್, ಮತ್ತು ಕನ್ನಡ

ವಿಎಸ್ ಕೋಡ್, ನಿಯೋವಿಮ್, ಜೆಟ್‌ಬ್ರೇನ್ಸ್ ಮೂರೂ ಒಳ್ಳೆಯವೇ, ಮೂರೂ ನೆಟ್ ಇಲ್ಲದೆ ನಡೆಯುತ್ತವೆ. ಜೆಟ್‌ಬ್ರೇನ್ಸ್‌ಗೆ ರ‍್ಯಾಮ್ ಜಾಸ್ತಿ ಬೇಕು. ವ್ಯತ್ಯಾಸ ಬರುವುದು ಕನ್ನಡ ಇರುವ ಪ್ರಾಜೆಕ್ಟ್‌ಗಳಲ್ಲಿ, ಮತ್ತು ನಮ್ಮ ಕಡೆಯ ಗ್ರಾಹಕರಿಗೆ ಮಾಡುವಾಗ ಕನ್ನಡ ಇರಲೇಬೇಕು.

ನಿಯೋವಿಮ್ ನಡೆಯುವುದು ಟರ್ಮಿನಲ್ (ಅಕ್ಷರಗಳಲ್ಲೇ ಆಜ್ಞೆ ಕೊಡುವ ಕಿಟಕಿ) ಒಳಗೆ. ಅದು ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುತ್ತದೆ. ಕನ್ನಡದ ಒತ್ತು, ಗುಣಿತ ಆ ಚೌಕದಲ್ಲಿ ಕೂಡುವುದಿಲ್ಲ. "ರಾಷ್ಟ್ರೀಯ" ಅಂತ ಬರೆದರೆ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಒತ್ತುಗಳು ಚದುರಿ ಕಾಣುತ್ತವೆ. ಫೈಲ್ ಸರಿಯಾಗಿಯೇ ಇರುತ್ತದೆ, ಕಾಣುವುದು ಮಾತ್ರ ತಪ್ಪು. ವಿಎಸ್ ಕೋಡ್‌ನಲ್ಲಿ ಸರಿಯಾಗಿ ಕಾಣುತ್ತದೆ. ನಿಯೋವಿಮ್ ಪ್ರಿಯರು ಕೋಡ್ ಅಲ್ಲೇ ಬರೆಯಲಿ, ಕನ್ನಡ ಸಾಲುಗಳಿರುವ ಫೈಲ್ ಮಾತ್ರ ವಿಎಸ್ ಕೋಡ್‌ನಲ್ಲಿ ತೆರೆಯಲಿ.

ಇನ್ನೊಂದು ಎಚ್ಚರ. "ಕಲಬುರಗಿ" ನಮ್ಮ ಕಣ್ಣಿಗೆ 5 ಅಕ್ಷರ. ಗುಣಿತದ ಚಿಹ್ನೆಗಳನ್ನೂ ಬೇರೆಯಾಗಿ ಎಣಿಸುವ ಜಾವಾಸ್ಕ್ರಿಪ್ಟಿಗೆ ಅದು 7, ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್ 8 ರೀತಿಯಲ್ಲಿ 21 ಬೈಟ್. ಫಾರ್ಮಿನಲ್ಲಿ ಹೆಸರಿಗೆ 20 ಅಕ್ಷರದ ಮಿತಿ ಹಾಕಿದರೆ ಇಂಗ್ಲಿಷ್ ಹೆಸರು ಹಿಡಿಸುತ್ತದೆ, ಕನ್ನಡ ಹೆಸರು ನಡುವೆ ಕಡಿಯುತ್ತದೆ. ಎಸ್‌ಎಂಎಸ್ ಕಳಿಸುವಾಗ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಒಂದಕ್ಕೆ 160, ಕನ್ನಡದಲ್ಲಿ 70. ಗ್ರಾಹಕರಿಗೆ ಖರ್ಚು ಹೇಳುವ ಮೊದಲು ಇದನ್ನು ಲೆಕ್ಕ ಹಾಕಿ.

ಸರ್ವರ್ ಎಲ್ಲಿ?

ನಕ್ಷೆ ನೋಡಿದರೆ ನಮಗೆ ಹೈದರಾಬಾದ್ ಹತ್ತಿರ, ರಸ್ತೆಯಲ್ಲಿ ಸುಮಾರು 220 ಕಿಲೋಮೀಟರ್. ಮುಂಬೈ, ಬೆಂಗಳೂರು ಎರಡೂ 500 ದಾಟುತ್ತವೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ 100 ಕಿಲೋಮೀಟರ್ ಹೋಗಿ ಬರಲು 1 ಮಿಲಿಸೆಕೆಂಡ್. ಹೈದರಾಬಾದಿಗೆ ಎರಡು ಮೂರು ಮಿಲಿಸೆಕೆಂಡ್ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ನಿಮ್ಮ ಆಪರೇಟರ್ ನಿಮ್ಮ ಡೇಟಾವನ್ನು ಮೊದಲು ಮುಂಬೈಗೋ ಬೆಂಗಳೂರಿಗೋ ಒಯ್ದು ಅಲ್ಲಿಂದ ಹೈದರಾಬಾದಿಗೆ ತಿರುಗಿಸಬಹುದು. ಟ್ರೇಸ್‌ರೂಟ್ ಓಡಿಸಿ ನೋಡಿದರೆ ದಾರಿ ಗೊತ್ತಾಗುತ್ತದೆ.

ಅಮೆಜಾನ್ ತನ್ನ ಕ್ಲೌಡ್ ಸರ್ವರ್‌ಗಳನ್ನು 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಶುರು ಮಾಡಿತು. ಗೂಗಲ್ ಮುಂಬೈ ಮತ್ತು ದೆಹಲಿಯಲ್ಲಿದೆ. ಡಿಜಿಟಲ್ ಓಷನ್ ಬೆಂಗಳೂರಿನಲ್ಲಿದೆ. ಭಾರತದೊಳಗೆ ಯಾವುದಾದರೂ ನಡೆಯುತ್ತದೆ. ಅಮೆರಿಕದಲ್ಲಿ ಇಟ್ಟರೆ ಹೋಗಿ ಬರಲು 200 ಮಿಲಿಸೆಕೆಂಡ್ ದಾಟುತ್ತದೆ, ಅದು ಎಲ್ಲರಿಗೂ ಗೊತ್ತಾಗುತ್ತದೆ. ಅಗ್ಗ ಅಂತ ಅಲ್ಲಿಗೆ ಹೋಗಬೇಡಿ.

ವಿಪಿಎಸ್, ಶೇರ್ಡ್ ಹೋಸ್ಟಿಂಗ್, ಸ್ಟ್ಯಾಟಿಕ್ ಸೈಟ್ ಈ ಮೂರರಲ್ಲಿ ಯಾವುದು? ಗಂಜ್‌ನ ದಾಲ್ ಮಿಲ್‌ಗೋ, ಕೋಚಿಂಗ್ ಸೆಂಟರಿಗೋ ಪುಟ ಮಾಡಿಕೊಡುವವರು ಸ್ಟ್ಯಾಟಿಕ್ (ಮೊದಲೇ ಸಿದ್ಧಮಾಡಿಟ್ಟ ಪುಟಗಳು) ಆರಿಸಿ. ಅಪ್‌ಡೇಟ್ ಮಾಡಬೇಕಾದ ಸರ್ವರ್ ಇಲ್ಲ, ಹ್ಯಾಕ್ ಆಗುವ ಡೇಟಾಬೇಸ್ ಇಲ್ಲ, ನಿಮ್ಮ ಮನೆಯ ಲೈನ್ ಹೋದ ದಿನವೂ ಅದು ನಡೆಯುತ್ತಲೇ ಇರುತ್ತದೆ. ಮಿಲ್‌ನವರೇ ದಿನಾ ತೊಗರಿ ದರ ಬದಲಿಸಬೇಕು ಅಂದರೆ ಆಗ ಒಂದೇ ಸರ್ವರನ್ನು ಹಲವು ಸೈಟ್‌ಗಳು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್. ವಿಪಿಎಸ್ ಬೇಕಾಗುವುದು ನಿಜವಾದ ಅಪ್ಲಿಕೇಶನ್ ಇದ್ದಾಗ, ಮತ್ತು ಬ್ಯಾಕಪ್ ನೋಡಿಕೊಳ್ಳುವ ಜವಾಬ್ದಾರಿ ಹೊರಲು ನೀವು ತಯಾರಿದ್ದಾಗ. ಮನೆಯ ಕಂಪ್ಯೂಟರನ್ನೇ ಸರ್ವರ್ ಮಾಡುವ ಆಸೆ ಬೇಡ. ಮನೆ ಕನೆಕ್ಷನ್‌ಗಳಲ್ಲಿ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುವುದೇ ಹೆಚ್ಚು, ಹೊರಗಿನವರು ನೇರವಾಗಿ ಒಳಗೆ ಬರಲಾಗದು.

ಪುಟ ನೋಡುವವರ ಲೈನ್ ಕೂಡ ನಮ್ಮದರಂತೆಯೇ ಇರುತ್ತದೆ. ಶಹಾಪುರದ ಹೊಲದಲ್ಲಿ ನಿಂತು ಫೋನಿನಲ್ಲಿ ದರ ನೋಡುವ ರೈತನ ಆಂಡ್ರಾಯ್ಡ್‌ನಲ್ಲಿ ಕನ್ನಡ ಫಾಂಟ್ ಮೊದಲೇ ಇರುತ್ತದೆ. ಚೆಂದಕ್ಕಾಗಿ ಬೇರೆ ವೆಬ್ ಫಾಂಟ್ ಇಳಿಸಿ ಅವನ ಡೇಟಾ ತಿನ್ನಬೇಡಿ.

ಡಿಎನ್‌ಎಸ್ ಮತ್ತು ಡೊಮೇನ್

ವಾಟ್ಸಾಪ್ ಕರೆ ನಡೆಯುತ್ತದೆ, ಹೊಸ ಸೈಟ್ ಯಾವುದೂ ತೆರೆಯುವುದಿಲ್ಲ ಅಂದರೆ ಹೆಚ್ಚಾಗಿ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ಐಪಿ ಹುಡುಕಿಕೊಡುವ ವ್ಯವಸ್ಥೆ) ತೊಂದರೆ. ಆಪರೇಟರ್ ಕೊಟ್ಟದ್ದರ ಬದಲು ರೂಟರಿನಲ್ಲಿ 1.1.1.1 ಮತ್ತು 8.8.8.8 ಎರಡನ್ನೂ ಹಾಕಿ. ಒಂದು ಕ್ಲೌಡ್‌ಫ್ಲೇರ್‌ದು, ಇನ್ನೊಂದು ಗೂಗಲ್‌ದು. ಎರಡೂ ಒಂದೇ ಕಂಪನಿಯದ್ದು ಹಾಕಿದರೆ ಅರ್ಧ ಉಪಯೋಗ ಹೋಯಿತು.

ಡೊಮೇನ್‌ಗೆ ಡಾಟ್ ಇನ್ ಅಥವಾ ಡಾಟ್ ಕಾಮ್, ಯಾವುದು ಸಿಗುತ್ತದೋ ಅದು. ಕನ್ನಡದಲ್ಲೇ ಡಾಟ್ ಭಾರತ ಕೂಡ ಇದೆ. ಕನ್ನಡ ವಿಳಾಸ ಕೊಳ್ಳುವುದು ಸಂತೋಷದ ವಿಷಯ, ಆದರೆ ಅದರಲ್ಲಿನ ಇಮೇಲ್ ವಿಳಾಸವನ್ನು ಎಷ್ಟೋ ಫಾರ್ಮ್‌ಗಳು ಒಪ್ಪುವುದಿಲ್ಲ. ಹಾಗಾಗಿ ಜೊತೆಗೆ ಡಾಟ್ ಇನ್ ಒಂದನ್ನು ಇಟ್ಟುಕೊಳ್ಳಿ. ಯಾವುದೇ ಕೊಂಡರೂ ಗ್ರಾಹಕರ ಹೆಸರಿನಲ್ಲಿ, ಅವರ ಇಮೇಲ್ ಮತ್ತು ಅವರ ಫೋನ್ ನಂಬರ್ ಕೊಟ್ಟೇ ಕೊಳ್ಳಿ. ಪಾಸ್‌ವರ್ಡ್ ಅವರ ಕೈಗೆ ಕೊಡಿ, ರಿನ್ಯೂವಲ್ ತಾರೀಖನ್ನು ಅವರ ಅಂಗಡಿಯ ಕ್ಯಾಲೆಂಡರಿನಲ್ಲಿ ಬರೆಸಿ. ನಾಳೆ ನೀವು ಬೇರೆ ಊರಿಗೆ ಹೋದರೂ ಅವರ ವಿಳಾಸ ಅವರ ಹತ್ತಿರವೇ ಇರುತ್ತದೆ.